ಹದಿನೈದಕ್ಕೆ ಇಳಿಯುವವರೆಗೆ

ಸೋಮವಾರ ತೊಳೆದೆ.
ಪಂಪು ದಿನವಿಡೀ ಅರಚಿತು,
ಕೊಳವೆ ಕೈಯಲ್ಲಿ ಹಿಡಿದ ಹಾವಿನಂತೆ ಹೊರಳಿತು.
ಒಂದು ಚಳಿಗಾಲದ ಪಾಚಿ, ಕಡಲಹಕ್ಕಿಯ ಹಿಕ್ಕೆ,
ಹೋದ ವರ್ಷ ಆರ್ಡಿತ್ ತಾನೇ ಬಳಿದಿದ್ದ
ಕಂದು ಬಣ್ಣದ ಹೊಪ್ಪಳೆ,
ಎಲ್ಲ ಎದ್ದು, ಮೆಟ್ಟಿಲಿಳಿದು, ಹುಲ್ಲು ಸೇರಿದವು.
ಕೆಳಗಿಂದ ಬಂದದ್ದು ಎಳೆಯ ಸೀಡರ್,
ಈಗಷ್ಟೇ ಕ್ಷೌರ ಮುಗಿದ ಕೆನ್ನೆ,
ನಾಚಿಕೆಗೋ ನೀರಿಗೋ ಕೆಂಪು.

ಲೂನನ್‌ಬರ್ಗಿನ ಬಂದರಿಗೆ ಮುಖ ಮಾಡಿದ
ಹಲಗೆಯ ಜಗಲಿ ಇದು.
ಮಂಗಳವಾರ ಮಧ್ಯಾಹ್ನ ಆರ್ಡಿತ್ ಕಾರ್ಕಮ್
ಚಪ್ಪಲಿ ಬಿಟ್ಟು ಒಂದು ಪಾದ ಇಟ್ಟು ನೋಡಿದಳು.
"ಒಣಗಿದೆಯಲ್ಲ, ಜ್ವಿಕರ್. ಡಬ್ಬಿ ತೆರೆ."

ಮೇಲೆ ಒಣಗಿದೆ, ನಿಜ.
ನನ್ನಜ್ಜ ಕಾಡ್ ಮೀನಿಗೆ ಉಪ್ಪು ತಿಕ್ಕಿ
ತಟ್ಟಿಯ ಮೇಲೆ ಹರವಿ, ದಿನಕ್ಕೊಮ್ಮೆ ಮಗುಚಿ,
ಬೆನ್ನು ನೋಡಿ ಎಂದೂ ನಂಬದೆ
ಮುಳ್ಳಿನ ಬುಡಕ್ಕೆ ಹೆಬ್ಬೆರಳು ಒತ್ತುತ್ತಿದ್ದ.
ಮೇಲ್ಮೈ ಹೇಳುವುದು
ಬಹಳ ಸಲ ಹಸಿ ಸುಳ್ಳು.
ಮೀಟರಿನ ಎರಡು ಹಲ್ಲು ಹಲಗೆಗೆ ಊರಿದೆ:
ಇಪ್ಪತ್ತಾರು.

"ಹದಿನೈದಾಗಲಿ."
"ಹದಿನೈದು ದಿನವೇ?"
"ದಿನ ಅಲ್ಲ. ನೀರು. ನೂರಕ್ಕೆ ಹದಿನೈದು."
"ಶನಿವಾರ ವೆಲ್ಡಾ ಬರುತ್ತಾಳೆ," ಎಂದಳು,
ಅದೂ ಒಂದು ಅಳತೆಯೇ ಎಂಬಂತೆ.

ಊರಿಗೆಲ್ಲ ಗೊತ್ತು. ಅಪ್ಪನ ದೋಣಿ ಮಾರಿದ ದಿನದಿಂದ
ಒಂದೇ ಇಗರ್ಜಿಗೆ ಎರಡು ಬಾಗಿಲಿಂದ ಬಂದು ಹೋದವರು.
ಆಮೇಲೆ ತಂಗಿ ಹ್ಯಾಲಿಫ್ಯಾಕ್ಸ್ ಸೇರಿದಳು.
ಹನ್ನೊಂದು ವರ್ಷ.
ಅಕ್ಕನಿಗೆ ಈಗ ಜಗಲಿ ಹೊಳೆಯಬೇಕು.

ಬುಧವಾರ ನಾಲ್ಕರವರೆಗೆ ಬಿಸಿಲು.
ಆಮೇಲೆ ಬಂದರಿನಿಂದ ಮಂಜು ಹತ್ತಿ ಬಂತು
ಹೇಳದೆ, ಕೇಳದೆ.
ಗಾಳಿ ಬೆಳಗಿನಿಂದ ಹನಿ ಹನಿ ಎಣಿಸಿ ತೆಗೆದದ್ದನ್ನು
ಒಂದೇ ಸಂಜೆಯಲ್ಲಿ ಮರಕ್ಕೆ ಮರಳಿ ಕುಡಿಸಿತು.
ಇಪ್ಪತ್ತೆರಡಿದ್ದದ್ದು ಇಪ್ಪತ್ಮೂರು.

ಗುರುವಾರ ಬೆಳಿಗ್ಗೆ ನೋಡುತ್ತೇನೆ,
ಅಡುಗೆಮನೆ ಕಿಟಕಿಯಿಂದ ಇಳಿದ ಉದ್ದನೆ ತಂತಿ,
ತುದಿಗೆ ತಲೆಗೂದಲು ಒಣಗಿಸುವ ಯಂತ್ರ,
ಪಕ್ಕದಲ್ಲಿ ಒಂದು ದಿಂಬು,
ಒಂದು ಹಲಗೆಯ ತುದಿ ಮಾತ್ರ ಸೀಳಿದೆ.
ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.
ಹೋದ ವರ್ಷ ಮಳೆ ನಿಂತ ಎರಡನೇ ದಿನವೇ
ಬಳಿದವಳು ಇವಳು.
ಒಳಗೆ ಸಿಕ್ಕಿಬಿದ್ದ ನೀರಿಗೆ
ಹೊರಬರಲು ಒಂದೇ ದಾರಿ ಗೊತ್ತು,
ಬಣ್ಣವನ್ನು ಎತ್ತಿಕೊಂಡೇ ಬರುತ್ತದೆ.

ಶನಿವಾರ. ಹದಿನೆಂಟು.
ವೆಲ್ಡಾ ರೂಬಾರ್ಬ್ ಕಡುಬಿನ ತಟ್ಟೆ ಹಿಡಿದು
ಮೆಟ್ಟಿಲ ಬಳಿ ನಿಂತಳು.
"ಇದೇನೇ, ಬರೀ ಮೈ?"
"ಒಣಗಬೇಕಂತೆ."
"ಇನ್ನೆಷ್ಟು ದಿನ?"
ಇಬ್ಬರೂ ನನ್ನತ್ತ ತಿರುಗಿದರು.
ಅಳತೆಗೆಂದು ಬಂದವನು ನಾನು,
ಟೋಪಿ ತೆಗೆದು ತಲೆ ಕೆರೆದೆ.
"ಮಂಜು ಹೇಳಿದ ಹಾಗೆ."

ಅವಳು ನನ್ನ ಕೈಯಿಂದ ಮೀಟರು ಕಸಿದು
ಹಲಗೆಗಲ್ಲ, ತನ್ನ ಮುಂಗೈಗೇ ಒತ್ತಿದಳು.
ಅಂಕಿ ಮಿಣುಕಿ, ಮಿತಿ ಮೀರಿ, ಗೆರೆಯಾಯಿತು.
"ನನಗೆ ಬಣ್ಣ ಹೊಡೆಯೋದು ಕಷ್ಟ," ಎಂದಳು.
ಆರ್ಡಿತ್ ನಕ್ಕಳೆನಿಸಿತು, ಅಥವಾ ಕೆಮ್ಮಿದಳು.
ಹೊಳಪಿಲ್ಲದ ಹಲಗೆಯ ಮೇಲೆ ಕುರ್ಚಿ ತರದೆ ಕೂತರು,
ನಡುವೆ ತಟ್ಟೆ, ಒಂದೇ ಚಾಕು.
ದೋಣಿಯ ಮಾತು ಯಾರೂ ಎತ್ತಲಿಲ್ಲ.

ಹೊರಡುವಾಗ ಮೂಲೆಯ ಹೂಕುಂಡ ಸರಿಸಿದೆ.
ತೊಳೆಯಲೆಂದು ನಾನೇ ತೆಗೆದಿಟ್ಟದ್ದನ್ನು
ತಂಗಿ ಬರುವ ಅಂದಕ್ಕೆ ಅವಳು ಮರಳಿ ಇಟ್ಟಿದ್ದಳು.
ಅಡಿಯಲ್ಲಿ ದುಂಡಗೆ, ಕಪ್ಪಗೆ,
ಅಂಗೈಗೆ ತಣ್ಣಗೆ ಒಂದು ಒದ್ದೆ.
ಇಪ್ಪತ್ತೇಳು.
ಕುಂಡವನ್ನು ಹುಲ್ಲಿನ ಮೇಲಿಟ್ಟೆ, ಅಲ್ಲಿಗೂ ಗಾಳಿ ಆಡಲಿ.
ಬಣ್ಣದ ಡಬ್ಬಿ ತೆರೆಯದೆಯೇ
ಮತ್ತೆ ಗಾಡಿ ಹತ್ತಿತು.